ವಾಟರ್‌ಪ್ರೂಫ್ ಬಳಿದರೆ ಗ್ಯಾಸ್ ಕೂಡ ನಿಲ್ಲುತ್ತದೆಯೇ? ಕಾಂಕ್ರೀಟ್ ಗುಮ್ಮಟ ಮತ್ತು ಸೋರಿಕೆ ಪರೀಕ್ಷೆಯ ವಿಜ್ಞಾನ

ಗೋಬರ್ ಗ್ಯಾಸ್ ಇರುವ ಮನೆಗಳಲ್ಲಿ ಆಗಾಗ ಕೇಳಿಬರುವ ದೂರು ಒಂದಿದೆ. "ಮೊದಲು ಎರಡು ಹೊತ್ತಿನ ಅಡುಗೆಗೂ ಸಾಲುತ್ತಿತ್ತು. ಈಗ ಅಷ್ಟೇ ಸಗಣಿ ಹಾಕಿದರೂ ಸಂಜೆಗೆ ಉರಿ ಇರುವುದಿಲ್ಲ." ಇದಕ್ಕೆ ಅಕ್ಕಪಕ್ಕದವರು ಕೊಡುವ ಸಲಹೆಗಳೂ ಹೆಚ್ಚುಕಡಿಮೆ ಒಂದೇ ಥರ. ಒಬ್ಬರು "ಕಾಂಕ್ರೀಟ್‌ನಲ್ಲಿ ಗ್ಯಾಸ್ ಎಲ್ಲಿ ಹೋಗುತ್ತೆ, ಸಗಣಿಯೇ ಕಡಿಮೆ ಆಗಿರಬೇಕು" ಎನ್ನುತ್ತಾರೆ. ಇನ್ನೊಬ್ಬರು "ಡೋಮ್‌ಗೆ ಒಂದು ಕೋಟ್ ವಾಟರ್‌ಪ್ರೂಫ್ ಬಳಿಸಿ" ಎನ್ನುತ್ತಾರೆ. ಮತ್ತೊಬ್ಬರು "ವಾಸನೆ ಬರುತ್ತಿಲ್ಲವಲ್ಲ, ಹಾಗಾದರೆ ಲೀಕ್ ಇಲ್ಲ" ಎಂದು ತೀರ್ಪು ಕೊಡುತ್ತಾರೆ. ಕೊನೆಗೆ ಯಾರೋ ಒಬ್ಬರು "ಕಡ್ಡಿ ಗೀರಿ ಹಿಡಿದು ನೋಡಿ, ಗೊತ್ತಾಗುತ್ತೆ" ಎನ್ನುತ್ತಾರೆ.

ಇವುಗಳಲ್ಲಿ ಮೊದಲ ಮೂರನ್ನು ನಂಬಿದರೆ ಹಣ ಹೋಗುತ್ತದೆ, ನಾಲ್ಕನೆಯದನ್ನು ನಂಬಿದರೆ ಪ್ರಾಣ ಹೋಗಬಹುದು. ಈ ನಾಲ್ಕು ಮಾತುಗಳ ಹಿಂದಿನ ವಿಜ್ಞಾನವನ್ನು ಒಂದೊಂದಾಗಿ ನೋಡೋಣ.

ಓದಲು ಸಮಯವಿಲ್ಲದವರಿಗೆ ಚುಟುಕಾಗಿ: ಕಾಂಕ್ರೀಟ್ ತೂತಿಲ್ಲದ ವಸ್ತುವಲ್ಲ. ನೀರನ್ನು ತಡೆಯುವ ಬಣ್ಣ ಗ್ಯಾಸನ್ನೂ ತಡೆಯುತ್ತದೆ ಎಂಬ ಖಾತರಿ ಇಲ್ಲ. ಒಂದು ಗುಮ್ಮಟ ಗ್ಯಾಸ್ ಹಿಡಿದಿಟ್ಟುಕೊಳ್ಳುತ್ತದೆಯೇ ಎಂಬುದು ಡಬ್ಬಿಯ ಮೇಲಿನ ಬರಹದಿಂದ ಗೊತ್ತಾಗುವುದಿಲ್ಲ. ಒತ್ತಡ ಕೊಟ್ಟು, ಕಾದು, ಅಳೆದಾಗ ಮಾತ್ರ ಗೊತ್ತಾಗುತ್ತದೆ.

ಗಟ್ಟಿ ಕಾಂಕ್ರೀಟ್‌ನೊಳಗೆ ಗ್ಯಾಸ್ ಹೋಗುವುದು ಹೇಗೆ?

ಸಿಮೆಂಟಿಗೆ ನೀರು ಸೇರಿಸಿದಾಗ ಎರಡೂ ರಾಸಾಯನಿಕವಾಗಿ ಕೂಡಿಕೊಂಡು ಗಟ್ಟಿಯಾಗುತ್ತವೆ. ಈ ಕ್ರಿಯೆಗೆ ಬೇಕಾಗುವ ನೀರು ಸಿಮೆಂಟಿನ ತೂಕದ ಶೇ 40ರ ಆಸುಪಾಸು. ಆದರೆ ಗಾರೆ ಸಲೀಸಾಗಿ ಹರಡಲಿ ಎಂದು ಕೆಲಸದ ಜಾಗದಲ್ಲಿ ಇದಕ್ಕಿಂತ ಹೆಚ್ಚು ನೀರು ಹಾಕುವುದು ರೂಢಿ. ಹೆಚ್ಚಾದ ನೀರು ನಿಧಾನವಾಗಿ ಆರಿ ಹೋಗುತ್ತದೆ. ಅದು ಇದ್ದ ಜಾಗ ಖಾಲಿಯಾಗಿ, ಕೂದಲೆಳೆಗಿಂತ ಎಷ್ಟೋ ಪಾಲು ಸಣ್ಣದಾದ ಸುರಂಗಗಳ ಜಾಲ ಉಳಿಯುತ್ತದೆ. ಈ ರಂಧ್ರಗಳು ಮಿಲಿಮೀಟರಿನ ಲಕ್ಷದ ಒಂದು ಭಾಗದಿಂದ ನೂರರ ಒಂದು ಭಾಗದವರೆಗೆ ಅಗಲ ಇರುತ್ತವೆ. ಮೀಥೇನ್ ಅಣುವಿನ ಅಗಲ ಇವುಗಳಲ್ಲಿ ಅತಿ ಸಣ್ಣ ರಂಧ್ರದ ಇಪ್ಪತ್ತರ ಒಂದು ಭಾಗಕ್ಕಿಂತಲೂ ಕಡಿಮೆ. ಅದಕ್ಕೆ ಇದು ರಾಜಬೀದಿಯೇ ಸರಿ.

ಇದರ ಜೊತೆಗೆ ಬಿರುಕುಗಳಿವೆ. ಕ್ಯೂರಿಂಗ್ ಸರಿಯಾಗದೆ ಬೇಗ ಒಣಗಿದ ಪ್ಲಾಸ್ಟರಿನಲ್ಲಿ ಕೂದಲಿನಂಥ ಬಿರುಕುಗಳು ಬೀಳುತ್ತವೆ. ಬಿರುಕಿನ ವಿಷಯದಲ್ಲಿ ನೆನಪಿಡಬೇಕಾದ ನಿಯಮ ಒಂದಿದೆ: ಅದರ ಮೂಲಕ ನಿಧಾನವಾಗಿ ಹರಿಯುವ ಗ್ಯಾಸಿನ ಪ್ರಮಾಣ ಬಿರುಕಿನ ಅಗಲದ ಘನಕ್ಕೆ ತಕ್ಕಂತೆ ಏರುತ್ತದೆ. ಅಂದರೆ ಅಗಲ ಎರಡರಷ್ಟಾದರೆ ಸೋರಿಕೆ ಎಂಟರಷ್ಟು, ಮೂರರಷ್ಟಾದರೆ ಇಪ್ಪತ್ತೇಳರಷ್ಟು. ಹಾಗಾಗಿಯೇ ನಿನ್ನೆವರೆಗೆ ಗೊತ್ತೇ ಆಗದಿದ್ದ ಸೋರಿಕೆ, ಬಿರುಕು ಸ್ವಲ್ಪ ಬಾಯಿಬಿಟ್ಟ ಕೂಡಲೇ ಒಲೆಯ ಮೇಲೆ ಕಾಣಿಸಿಕೊಳ್ಳುತ್ತದೆ.

ನೀರು ನಿಲ್ಲುವ ಕಡೆ ಗ್ಯಾಸ್ ಯಾಕೆ ನಿಲ್ಲುವುದಿಲ್ಲ?

ಇಲ್ಲೊಂದು ಸೋಜಿಗ ಇದೆ. ನೀರಿನ ಅಣು ಮೀಥೇನ್ ಅಣುವಿಗಿಂತ ಚಿಕ್ಕದು. ಹಾಗಿದ್ದರೂ ನೀರು ನಿಲ್ಲುವ ಗೋಡೆಯಲ್ಲಿ ಮೀಥೇನ್ ದಾಟಿಹೋಗುತ್ತದೆ. ಇದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು, ನೀರಿನ ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಆದ್ದರಿಂದ ನೀರು ಹರಿಯುವಾಗ ತೋರುವ ಸ್ನಿಗ್ಧತೆ, ಅಂದರೆ ಹರಿಯಲು ಒಡ್ಡುವ ಅಡ್ಡಿ, ಮೀಥೇನಿನ ಸುಮಾರು 90 ಪಟ್ಟು. ಅದೇ ಸಣ್ಣ ರಂಧ್ರ, ಅದೇ ಒತ್ತಡ ಇದ್ದರೆ ಒಂದು ಲೀಟರ್ ನೀರು ಜಿನುಗುವ ಹೊತ್ತಿಗೆ 90 ಲೀಟರ್ ಮೀಥೇನ್ ಪಾರಾಗಿರುತ್ತದೆ.

ಎರಡನೆಯದು, ಹಲವು ವಾಟರ್‌ಪ್ರೂಫ್ ದ್ರವಗಳು ರಂಧ್ರವನ್ನು ಮುಚ್ಚುವುದೇ ಇಲ್ಲ. ಸಿಲೇನ್, ಸಿಲಾಕ್ಸೇನ್ ಬಗೆಯ ದ್ರವಗಳು ರಂಧ್ರದ ಒಳಗೋಡೆಗೆ ನೀರು ಅಂಟದಂತೆ ಮಾಡುತ್ತವೆ, ರಂಧ್ರ ಮಾತ್ರ ತೆರೆದೇ ಇರುತ್ತದೆ. ತಾವರೆ ಎಲೆಯನ್ನು ನೆನಪಿಸಿಕೊಳ್ಳಿ. ಅದರ ಮೇಲೆ ನೀರು ನಿಲ್ಲದೆ ಉರುಳಿ ಹೋಗುತ್ತದೆ. ಆದರೆ ಆ ಎಲೆ ಉಸಿರಾಡುವ ರಂಧ್ರಗಳು ಇರುವುದೂ ಅದೇ ಮೇಲ್ಭಾಗದಲ್ಲಿಯೇ. ನೀರಿಗೆ ಬಾಗಿಲು ಮುಚ್ಚಿದೆ, ಗಾಳಿಗೆ ತೆರೆದಿದೆ. ಮನೆಯ ಹೊರಗೋಡೆಗೆ ಇಂಥ ಗುಣ ಒಳ್ಳೆಯದು. ಗೋಡೆಯೊಳಗಿನ ತೇವ ಆವಿಯಾಗಿ ಹೊರಬರಲು ದಾರಿ ಇರುತ್ತದೆ. ಗ್ಯಾಸ್ ಹಿಡಿದಿಡಬೇಕಾದ ಗುಮ್ಮಟಕ್ಕೆ ಅದೇ ಗುಣ ಕೆಡುಕು.

ಇನ್ನೊಂದು ವಿಚಾರವೂ ಇದೆ. ಒದ್ದೆಯಾಗಿರುವ ಕಾಂಕ್ರೀಟಿನ ರಂಧ್ರಗಳಲ್ಲಿ ನೀರು ತುಂಬಿಕೊಂಡಿರುವುದರಿಂದ ಗ್ಯಾಸ್ ಸುಲಭವಾಗಿ ನುಗ್ಗಲಾರದು. ಅದೇ ಕಾಂಕ್ರೀಟ್ ಒಣಗಿದರೆ ದಾರಿ ಬಿಡುತ್ತದೆ. ಕಟ್ಟಿದ ಹೊಸದರಲ್ಲಿ, ಗಾರೆ ಇನ್ನೂ ಹಸಿ ಇದ್ದಾಗ ಬಿಗಿಯಾಗಿದ್ದ ಗುಮ್ಮಟ ಒಣಗಿದ ಮೇಲೆ ಸೋರಲು ಇದೂ ಒಂದು ಕಾರಣ.

ಗೋಬರ್ ಗ್ಯಾಸ್ ಗುಮ್ಮಟಕ್ಕೇ ಈ ತೊಂದರೆ ಯಾಕೆ ಹೆಚ್ಚು?

ನಮ್ಮಲ್ಲಿ ಗೋಬರ್ ಗ್ಯಾಸ್ ಸ್ಥಾವರಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಪ್ರಚಾರಕ್ಕೆ ತಂದ ತೇಲುವ ಡ್ರಮ್ಮಿನ ಮಾದರಿ. ಅದರಲ್ಲಿ ಗ್ಯಾಸ್ ನಿಲ್ಲುವುದು ಡ್ರಮ್ಮಿನೊಳಗೆ. ಡ್ರಮ್ಮಿನ ಕೆಳ ಅಂಚು ಸ್ಲರಿಯಲ್ಲಿ ಮುಳುಗಿರುವುದರಿಂದ ಸ್ಲರಿಯೇ ಬಿಗಿಮುಚ್ಚಳದಂತೆ ಕೆಲಸ ಮಾಡುತ್ತದೆ. ಒಳಗಿನ ಒತ್ತಡವೂ ಕಡಿಮೆ, ಸುಮಾರು 10 ಸೆಂ.ಮೀ. ನೀರಿನಷ್ಟು.

ಇನ್ನೊಂದು, ನೆಲದೊಳಗೆ ಕಟ್ಟುವ ಸ್ಥಿರ ಗುಮ್ಮಟದ ಮಾದರಿ. 1978ರಲ್ಲಿ ಉತ್ತರ ಪ್ರದೇಶದ ಅಜಿತ್‌ಮಲ್‌ನಲ್ಲಿ ರೂಪುಗೊಂಡ ಜನತಾ ಮಾದರಿ, 1984ರಲ್ಲಿ ಅಫ್‌ಪ್ರೋ ಸಂಸ್ಥೆ ರೂಪಿಸಿದ ದೀನಬಂಧು ಮಾದರಿ ಈ ಬಗೆಯವು. ಕಬ್ಬಿಣದ ಡ್ರಮ್ ಬೇಡವಾದ್ದರಿಂದ ಖರ್ಚು ಕಡಿಮೆ, ತುಕ್ಕಿನ ಕಾಟ ಇಲ್ಲ. ಆದರೆ ಇಲ್ಲಿ ಗ್ಯಾಸನ್ನು ಹಿಡಿದಿಡುವ ಹೊಣೆಯೆಲ್ಲ ಇಟ್ಟಿಗೆ, ಸಿಮೆಂಟ್ ಮತ್ತು ಅದರ ಒಳಮೈಗೆ ಬಳಿದ ಪದರಗಳದ್ದು. ಗ್ಯಾಸ್ ಹೆಚ್ಚಾದಂತೆ ಅದು ಸ್ಲರಿಯನ್ನು ಹೊರತೊಟ್ಟಿಗೆ ತಳ್ಳುತ್ತದೆ. ಆಗ ಒಳಗಿನ ಒತ್ತಡ 90 ಸೆಂ.ಮೀ. ನೀರಿನಷ್ಟಾದರೂ ಏರಬಹುದು. ತೇಲುವ ಡ್ರಮ್ಮಿಗೆ ಹೋಲಿಸಿದರೆ ಇದು ಒಂಬತ್ತು ಪಟ್ಟು.

ಕೆಳಭಾಗದ ತೊಟ್ಟಿಯಲ್ಲಿ ಸಣ್ಣಪುಟ್ಟ ಜಿನುಗು ಇದ್ದರೆ ಸಗಣಿಯ ನಾರು, ಕಣಗಳು ಹೋಗಿ ಕೂತು ತಾವೇ ಮುಚ್ಚಿಬಿಡುತ್ತವೆ. ಗುಮ್ಮಟದ ಮೇಲ್ಭಾಗಕ್ಕೆ ಈ ಭಾಗ್ಯ ಇಲ್ಲ. ಅಲ್ಲಿರುವುದು ಗ್ಯಾಸ್ ಮಾತ್ರ. ಹೀಗಾಗಿ "ನೀರು ತುಂಬಿಸಿ ನೋಡಿದೆವು, ತೊಟ್ಟಿ ಸೋರಲಿಲ್ಲ" ಎಂಬುದು ತೊಟ್ಟಿಗೆ ಕೊಟ್ಟ ಸರ್ಟಿಫಿಕೇಟ್ ಅಷ್ಟೇ. ಗುಮ್ಮಟದ ಪರೀಕ್ಷೆ ಬೇರೆಯೇ ಆಗಬೇಕು.

ಸ್ಥಾವರಗಳು ಕೆಟ್ಟು ನಿಲ್ಲುವುದೇ ನಿಯಮ ಎಂದು ಇದರ ಅರ್ಥವಲ್ಲ. ಉತ್ತರ ಕನ್ನಡದ ಶಿರಸಿಯ ಗೋಬರ್ ಗ್ಯಾಸ್ ಸ್ಥಾವರಗಳನ್ನು ಅಧ್ಯಯನ ಮಾಡಿದ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅದನ್ನು ಯಶಸ್ಸಿನ ಕಥೆ ಎಂದೇ ಕರೆದಿದ್ದಾರೆ. ಸರಿಯಾಗಿ ಕಟ್ಟಿ, ನೋಡಿಕೊಂಡರೆ ಈ ತಂತ್ರಜ್ಞಾನ ಮನೆಯ ಒಲೆಯನ್ನು ವರ್ಷಗಟ್ಟಲೆ ಉರಿಸುತ್ತದೆ.

ಒಂದು ಸಣ್ಣ ತೂತಿನ ದೊಡ್ಡ ಲೆಕ್ಕ

ಸೂಜಿಮೊನೆಯಷ್ಟು ತೂತಿನಿಂದ ಎಷ್ಟು ತಾನೇ ಹೋಗುತ್ತದೆ ಎಂದು ಅನಿಸಬಹುದು. ಭೌತಶಾಸ್ತ್ರದ ಸಾಮಾನ್ಯ ಸೂತ್ರ ಬಳಸಿ ನಾವು ಲೆಕ್ಕ ಹಾಕಿ ನೋಡಿದೆವು. ಒಳಗೆ 50 ಸೆಂ.ಮೀ. ನೀರಿನಷ್ಟು ಒತ್ತಡ ಇದ್ದು, ಪೈಪಿನಲ್ಲೋ ವಾಲ್ವಿನಲ್ಲೋ 1 ಮಿ.ಮೀ. ಅಗಲದ ಸ್ವಚ್ಛ ತೂತು ಇದ್ದರೆ, ದಿನವೊಂದಕ್ಕೆ ಸುಮಾರು 4 ಘನ ಮೀಟರ್ ಗ್ಯಾಸ್ ಹೊರಹೋಗುವಷ್ಟು ದಾರಿ ಅದು. ನಾಲ್ಕೈದು ಜನರ ಮನೆಗೆ ಕಟ್ಟುವ ಸ್ಥಾವರ ದಿನಕ್ಕೆ ಕೊಡುವುದೇ ಸುಮಾರು 2 ಘನ ಮೀಟರ್. ಅಂದರೆ ಆ ಒಂದು ತೂತು ದಿನದ ಗ್ಯಾಸನ್ನೆಲ್ಲ ನುಂಗಿ ಇನ್ನೂ ಬೇಕು ಎನ್ನುತ್ತದೆ. ತೂತು ಅರ್ಧ ಮಿಲಿಮೀಟರ್ ಇದ್ದರೂ ದಿನಕ್ಕೆ ಸುಮಾರು 1 ಘನ ಮೀಟರ್ ಹೋಗುತ್ತದೆ. ದಪ್ಪ ಗೋಡೆಯೊಳಗಿನ ಅಂಕುಡೊಂಕಾದ ಬಿರುಕಿನಲ್ಲಿ ಅಡ್ಡಿ ಹೆಚ್ಚು ಇರುವುದರಿಂದ ಸೋರಿಕೆ ಇಷ್ಟು ಇರಲಿಕ್ಕಿಲ್ಲ. ಆದರೆ ಅಂಥ ಬಿರುಕುಗಳು ಒಂದೆರಡಲ್ಲ, ಹತ್ತಾರು ಇರುತ್ತವೆ.

1 ಘನ ಮೀಟರ್ ಗೋಬರ್ ಗ್ಯಾಸ್ ಸುಮಾರು 430 ಗ್ರಾಂ ಎಲ್‌ಪಿಜಿಗೆ ಸಮ ಎಂಬುದು ಸಾಮಾನ್ಯ ಲೆಕ್ಕ. ಹಾಗಾಗಿ ದಿನಕ್ಕೆ 1 ಘನ ಮೀಟರ್ ಸೋರಿದರೆ ಹೆಚ್ಚುಕಡಿಮೆ ತಿಂಗಳಿಗೊಂದು 14.2 ಕೆ.ಜಿ. ಸಿಲಿಂಡರನ್ನು ಗಾಳಿಗೆ ಬಿಟ್ಟಂತೆ.

ನಷ್ಟ ಮನೆಯವರದ್ದು ಮಾತ್ರವಲ್ಲ. ಗೋಬರ್ ಗ್ಯಾಸಿನಲ್ಲಿ ಶೇ 55ರಿಂದ 65ರಷ್ಟು ಮೀಥೇನ್ ಇರುತ್ತದೆ. ಉರಿದರೆ ಅದು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಉರಿಯದೆ ಸೋರಿದರೆ ಅದರ ಬಿಸಿಯೇರಿಸುವ ಶಕ್ತಿ, ನೂರು ವರ್ಷದ ಲೆಕ್ಕದಲ್ಲಿ, ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡಿನ ಸುಮಾರು 27 ಪಟ್ಟು. ಇಪ್ಪತ್ತು ವರ್ಷದ ಲೆಕ್ಕದಲ್ಲಿ ಸುಮಾರು 80 ಪಟ್ಟು. ದಿನಕ್ಕೆ 1 ಘನ ಮೀಟರ್ ಸೋರುವ ಗುಮ್ಮಟ ವರ್ಷಕ್ಕೆ ಸುಮಾರು 140 ಕೆ.ಜಿ. ಮೀಥೇನ್ ಬಿಡುತ್ತದೆ. ಇದು ನೂರು ವರ್ಷದ ಲೆಕ್ಕದಲ್ಲಿ ಸುಮಾರು 3.8 ಟನ್ ಕಾರ್ಬನ್ ಡೈಆಕ್ಸೈಡಿಗೆ ಸಮ. ಪರಿಸರಕ್ಕೆ ಒಳ್ಳೆಯದೆಂದು ಕಟ್ಟಿದ್ದು ಸೋರುತ್ತಿದ್ದರೆ ಆಗುವುದು ಇದು.

ಹಾಗಾದರೆ ಒಳಮೈಗೆ ಏನು ಬಳಿಯುತ್ತಾರೆ?

ಒಂದೇ ಮಾಯಾ ಬಣ್ಣ ಅಂತ ಇಲ್ಲ. ಚೆನ್ನಾಗಿ ಮಾಡಿದ ಗುಮ್ಮಟಗಳಲ್ಲಿ ಹಲವು ಪದರಗಳು ಸೇರಿ ಕೆಲಸ ಮಾಡುತ್ತವೆ.

ಮೊದಲು ಸಿಮೆಂಟ್ ನೀರಿನ ತೊಳೆತ, ಅದರ ಮೇಲೆ ಒತ್ತಿ ಉಜ್ಜಿದ ಪ್ಲಾಸ್ಟರ್, ಅದರ ಮೇಲೆ ಬರೀ ಸಿಮೆಂಟಿನ ನಯವಾದ ಲೇಪ. ಕೊನೆಗೆ ಬಣ್ಣ. ನೇಪಾಳದ ಸ್ಥಿರ ಗುಮ್ಮಟ ಸ್ಥಾವರಗಳಲ್ಲಿ ಸಿಮೆಂಟಿಗೆ ಅಕ್ರಿಲಿಕ್ ಎಮಲ್ಷನ್ ಬಣ್ಣ ಬೆರೆಸಿ ಬಳಿಯುವ ಪದ್ಧತಿ ಇದೆ. ಎಪಾಕ್ಸಿ ಬಣ್ಣ, ಟಾರಿನ ಲೇಪ ಬಳಸುವುದೂ ಉಂಟು. ಕರಗಿಸಿದ ಪ್ಯಾರಾಫಿನ್ ಮೇಣಕ್ಕೆ ಸ್ವಲ್ಪ ಹೊಸ ಎಂಜಿನ್ ಆಯಿಲ್ ಬೆರೆಸಿ, ಮೊದಲೇ ಬಿಸಿ ಮಾಡಿದ ಪ್ಲಾಸ್ಟರಿಗೆ ಬಳಿಯುವ ಇನ್ನೊಂದು ವಿಧಾನವೂ ಇದೆ. ಬಿಸಿಯಾದ ಮೇಣ ರಂಧ್ರದೊಳಗೆ ಇಳಿದು ತಣ್ಣಗಾದಾಗ ಅಲ್ಲೇ ಬೆಣೆಯಂತೆ ಕೂತುಬಿಡುತ್ತದೆ.

ಯಾವುದನ್ನೇ ಬಳಿದರೂ ಮೂರು ವಿಷಯ ಮುಖ್ಯ.

ಒಂದು, ಬಳಿಯುವ ಕಡೆ. ಗ್ಯಾಸ್ ಇರುವ ಒಳಮೈಗೆ ಬಳಿದರೆ ಒಳಗಿನ ಒತ್ತಡ ಪದರವನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ಹೊರಗಿನಿಂದ ಬಳಿದರೆ ಅದೇ ಒತ್ತಡ ಬಣ್ಣವನ್ನು ಗುಳ್ಳೆ ಎಬ್ಬಿಸಿ ಕಿತ್ತುಹಾಕುತ್ತದೆ. ಮಣ್ಣು ಸರಿಸಿ ಹೊರಗಿನಿಂದ ಒಂದು ಕೋಟ್ ಬಳಿದರೆ ಸಾಕು ಎಂಬ ಸಲಹೆ ನಿಲ್ಲದಿರುವುದು ಇಲ್ಲಿಯೇ.

ಎರಡು, ಪದರದ ಸಂಖ್ಯೆ. ಒಂದೇ ಕೋಟಿನಲ್ಲಿ ಸೂಜಿರಂಧ್ರಗಳು ಉಳಿದೇ ಉಳಿಯುತ್ತವೆ. ಮೊದಲ ಕೋಟಿನ ರಂಧ್ರದ ಮೇಲೆಯೇ ಎರಡನೆಯದರ ರಂಧ್ರ ಬರುವ ಸಾಧ್ಯತೆ ಕಡಿಮೆ. ಅದಕ್ಕಾಗಿಯೇ ಮೊದಲನೆಯದು ಒಣಗಿದ ಮೇಲೆ, ಬ್ರಷ್ಷಿನ ದಿಕ್ಕು ಬದಲಿಸಿ ಎರಡನೆಯ ಕೋಟ್ ಹೊಡೆಯುವುದು.

ಮೂರು, ಸಂದುಗಳು. ಗುಮ್ಮಟದ ನೆತ್ತಿಯಲ್ಲಿ ಗ್ಯಾಸ್ ಪೈಪ್ ಹೊರಬರುವ ಜಾಗ ಎಲ್ಲಕ್ಕಿಂತ ನಾಜೂಕು. ಸಿಮೆಂಟ್ ಒಣಗುವಾಗ ಕುಗ್ಗುತ್ತದೆ, ನಯವಾದ ಪೈಪಿನಿಂದ ಬಿಟ್ಟುಕೊಂಡು ಸುತ್ತ ಉಂಗುರದಂಥ ಸಂದು ಮಾಡುತ್ತದೆ. ಅಲ್ಲಿಗೆ ಬೇಕಾಗಿರುವುದು ಗಟ್ಟಿ ಗಾರೆಯಲ್ಲ, ಸ್ವಲ್ಪ ಹಿಗ್ಗಿ ಕುಗ್ಗುವ ಸೀಲಂಟ್.

ಪ್ರಯೋಗಾಲಯದಲ್ಲಿ ಹೇಗೆ ಪರೀಕ್ಷಿಸುತ್ತಾರೆ?

ಕಾಂಕ್ರೀಟಿನ ಗ್ಯಾಸ್ ತಡೆಯುವ ಶಕ್ತಿಯನ್ನು ಅಳೆಯಲು ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ವಿಧಾನಗಳಲ್ಲಿ ಒಂದು ಸೆಂಬ್ಯೂರೋ ಪದ್ಧತಿ. 15 ಸೆಂ.ಮೀ. ಅಗಲ, 5 ಸೆಂ.ಮೀ. ದಪ್ಪದ ಕಾಂಕ್ರೀಟ್ ಬಿಲ್ಲೆಯನ್ನು ನಿಗದಿತ ತೇವಕ್ಕೆ ತಂದು, ಸುತ್ತಲೂ ಬಿಗಿಯಾಗಿ ಕಟ್ಟಿ, ಒಂದು ಕಡೆಯಿಂದ ಆಮ್ಲಜನಕವನ್ನು ಒತ್ತಡದಲ್ಲಿ ಬಿಡುತ್ತಾರೆ. ಇನ್ನೊಂದು ಕಡೆಯಿಂದ ಎಷ್ಟು ಹೊರಬರುತ್ತದೆ ಎಂದು ಅಳೆಯುತ್ತಾರೆ. ಬರೀ ಬಿಲ್ಲೆ, ಕೋಟಿಂಗ್ ಬಳಿದ ಬಿಲ್ಲೆ ಎರಡನ್ನೂ ಹೋಲಿಸಿದರೆ ಕೋಟಿಂಗ್ ಎಷ್ಟು ತಡೆಯಿತು ಎಂಬುದು ಗೊತ್ತಾಗುತ್ತದೆ.

ಕಟ್ಟಡವನ್ನು ಕೊರೆಯದೆ ಅಳೆಯಲು ಟೊರೆಂಟ್ ವಿಧಾನ ಇದೆ. ಗೋಡೆಯ ಮೇಲೆ ಬಟ್ಟಲಿನಂಥ ಉಪಕರಣ ಇಟ್ಟು ಅದರೊಳಗಿನ ಗಾಳಿಯನ್ನು ಹೀರಿ ತೆಗೆಯುತ್ತಾರೆ. ಕಾಂಕ್ರೀಟಿನ ರಂಧ್ರಗಳಿಂದ ಗಾಳಿ ಎಷ್ಟು ಬೇಗ ಬಂದು ತುಂಬಿಕೊಳ್ಳುತ್ತದೆ ಎಂಬುದರ ಮೇಲೆ ಅದನ್ನು ಅತಿ ಕಡಿಮೆಯಿಂದ ಅತಿ ಹೆಚ್ಚಿನವರೆಗೆ ಐದು ದರ್ಜೆಗಳಲ್ಲಿ ಇಡುತ್ತಾರೆ. ಒಂದೊಂದು ದರ್ಜೆಗೂ ಹತ್ತು ಪಟ್ಟು ವ್ಯತ್ಯಾಸ. ಕಣ್ಣಿಗೆ ಒಂದೇ ಥರ ಕಾಣುವ ಎರಡು ಗೋಡೆಗಳಲ್ಲಿ ಒಂದು ಇನ್ನೊಂದಕ್ಕಿಂತ ನೂರು ಪಟ್ಟು ಹೆಚ್ಚು ಗಾಳಿ ಬಿಡುತ್ತಿರಬಹುದು.

ಬಣ್ಣಕ್ಕೂ ಇಂಥ ಅಳತೆ ಇದೆ. ಕಾಂಕ್ರೀಟನ್ನು ಕಾರ್ಬನ್ ಡೈಆಕ್ಸೈಡಿನಿಂದ ಕಾಪಾಡುವ ಬಣ್ಣಕ್ಕೆ ಯುರೋಪಿನ ಮಾನದಂಡ ಹಾಕುವ ಷರತ್ತು ಹೀಗಿದೆ: ಆ ತೆಳು ಪದರ ಒಡ್ಡುವ ತಡೆ, 50 ಮೀಟರಿಗೂ ಹೆಚ್ಚು ದಪ್ಪದ ನಿಶ್ಚಲ ಗಾಳಿ ಒಡ್ಡುವ ತಡೆಗೆ ಸಮನಾಗಿರಬೇಕು. ಅದೇ ಮಾನದಂಡದಲ್ಲಿ, ನೀರಿನ ಆವಿಯನ್ನು ಹೊರಬಿಡುವ ಬಣ್ಣ ಎನಿಸಿಕೊಳ್ಳಲು ಆವಿಗೆ ಒಡ್ಡುವ ತಡೆ 5 ಮೀಟರ್ ಗಾಳಿಗಿಂತ ಕಡಿಮೆ ಇರಬೇಕು. ಒಂದೇ ಬಣ್ಣ ಒಂದು ಅನಿಲವನ್ನು ತಡೆದು ಇನ್ನೊಂದನ್ನು ಬಿಡಬಹುದು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ. ಆದ್ದರಿಂದ "ಟೆಸ್ಟ್ ಆಗಿದೆ" ಎಂದರೆ ಸಾಲದು, ಯಾವ ಅನಿಲಕ್ಕೆ ಟೆಸ್ಟ್ ಆಗಿದೆ ಎಂದು ಕೇಳಬೇಕು.

ಇವುಗಳ ಜೊತೆಗೆ ಬಣ್ಣ ಗೋಡೆಗೆ ಎಷ್ಟು ಗಟ್ಟಿಯಾಗಿ ಅಂಟಿದೆ ಎಂದು ಎಳೆದು ನೋಡುವ ಪರೀಕ್ಷೆ, ಕೆಳಗಿನ ಗೋಡೆ ಬಿರುಕು ಬಿಟ್ಟರೂ ಬಣ್ಣ ಹರಿಯದೆ ಉಳಿಯುತ್ತದೆಯೇ ಎಂಬ ಪರೀಕ್ಷೆ, ಸೂಜಿರಂಧ್ರ ಪತ್ತೆಹಚ್ಚಲು ವಿದ್ಯುತ್ ಕಿಡಿ ಹಾಯಿಸುವ ಪರೀಕ್ಷೆ ಇವೆ. ಈ ಕೊನೆಯದನ್ನು ಗ್ಯಾಸ್ ಇಲ್ಲದ ಖಾಲಿ ತೊಟ್ಟಿಯಲ್ಲಿ, ಪರಿಣತರು ಮಾತ್ರ ಮಾಡುತ್ತಾರೆ.

ಕಟ್ಟಿದ ಗುಮ್ಮಟದ ಪರೀಕ್ಷೆ: ಒತ್ತಡ ನಿಲ್ಲುತ್ತದೆಯೇ?

ಪ್ರಯೋಗಾಲಯದಲ್ಲಿ ಪಾಸಾದ ಬಣ್ಣ ನಿಮ್ಮ ಗುಮ್ಮಟದಲ್ಲೂ ಪಾಸಾಗುತ್ತದೆ ಎನ್ನಲಾಗದು. ಬಳಿದ ಕೈ, ಗೋಡೆಯ ತೇವ, ಪೈಪಿನ ಸಂದು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆದ್ದರಿಂದ ಸಗಣಿ ತುಂಬಿಸುವ ಮೊದಲೇ, ಬರೀ ನೀರು ಮತ್ತು ಗಾಳಿಯಿಂದ ಗುಮ್ಮಟವನ್ನು ಪರೀಕ್ಷಿಸಬೇಕು. ಆಗ ಬೆಂಕಿಯ ಭಯ ಇಲ್ಲ, ವಿಷದ ಭಯ ಇಲ್ಲ, ದೋಷ ಕಂಡರೆ ಸರಿಪಡಿಸುವುದೂ ಸುಲಭ.

ಮೇಸ್ತ್ರಿಗಳು ಮಾಡುವ ಕ್ರಮ ಹೀಗಿರುತ್ತದೆ. ತೊಟ್ಟಿಗೆ ನೀರು ತುಂಬಿಸಿ, ಗೋಡೆ ಕುಡಿಯುವಷ್ಟು ಕುಡಿಯಲಿ ಎಂದು ಒಂದು ದಿನ ಬಿಟ್ಟು, ಕಡಿಮೆಯಾದಷ್ಟು ಮತ್ತೆ ಹಾಕಿ, ಮಟ್ಟಕ್ಕೆ ಗುರುತು ಮಾಡಿ ಕಾಯುತ್ತಾರೆ. ಇದು ತೊಟ್ಟಿಯ ಪರೀಕ್ಷೆ. ಆಮೇಲೆ ಗುಮ್ಮಟದ ಸರದಿ. ಮೇಲಿನ ವಾಲ್ವ್ ಮುಚ್ಚಿ ಇನ್ನಷ್ಟು ನೀರು ಸುರಿದರೆ ಗುಮ್ಮಟದೊಳಗೆ ಸಿಕ್ಕಿಬಿದ್ದ ಗಾಳಿ ಒತ್ತಿಕೊಳ್ಳುತ್ತದೆ. ಆ ಒತ್ತಡವನ್ನು ಅಳೆಯಲು ದುಬಾರಿ ಯಂತ್ರ ಬೇಡ. ಯು ಆಕಾರಕ್ಕೆ ಬಾಗಿಸಿದ ಪಾರದರ್ಶಕ ಪ್ಲಾಸ್ಟಿಕ್ ಪೈಪನ್ನು ಹಲಗೆಗೆ ಕಟ್ಟಿ, ಬಣ್ಣದ ನೀರು ತುಂಬಿಸಿ, ಒಂದು ತುದಿಯನ್ನು ಗ್ಯಾಸ್ ಪೈಪಿಗೆ ಸೇರಿಸಿದರೆ ಸಾಕು. ಎರಡು ಕಡೆಯ ನೀರಿನ ಮಟ್ಟದ ಅಂತರವೇ ಒತ್ತಡ. ಬರೆದಿಟ್ಟುಕೊಂಡು, ಮರುದಿನ ಅದೇ ಹೊತ್ತಿಗೆ ಮತ್ತೆ ನೋಡುತ್ತಾರೆ.

ಒತ್ತಡ ಇಳಿದಿದ್ದರೆ ಸೋರಿಕೆ ಇದೆ ಎಂದಾಯಿತು. ಎಲ್ಲಿದೆ? ಅದಕ್ಕೆ ಸೋಪಿನ ನೊರೆ. ವಾಲ್ವ್, ಪೈಪಿನ ಸಂದು, ಗುಮ್ಮಟದ ನೆತ್ತಿಗೆ ಬ್ರಷ್ಷಿನಿಂದ ನೊರೆ ಹಚ್ಚಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ. ಒತ್ತಡದ ಪರೀಕ್ಷೆ "ಎಷ್ಟು" ಎಂದು ಹೇಳುತ್ತದೆ, ಸೋಪಿನ ಪರೀಕ್ಷೆ "ಎಲ್ಲಿ" ಎಂದು ತೋರಿಸುತ್ತದೆ. ಒಂದು ಇನ್ನೊಂದಕ್ಕೆ ಬದಲಿ ಅಲ್ಲ. ಗುಮ್ಮಟವನ್ನು ದೂರುವ ಮೊದಲು ಮನೆಯವರೆಗಿನ ಪೈಪನ್ನು, ಗುಮ್ಮಟದ ವಾಲ್ವ್ ಮುಚ್ಚಿ, ಬೇರೆಯಾಗಿ ಪರೀಕ್ಷಿಸುವುದು ಜಾಣತನ.

ಇಲ್ಲಿ ಒಂದು ಎಚ್ಚರಿಕೆ. ಕಂಪ್ರೆಸರ್ ತಂದು ಗಾಳಿ ತುಂಬಬೇಡಿ. ಒಂದು ಮೀಟರ್ ನೀರಿನಷ್ಟು ಒತ್ತಡ ಎಂದರೆ ಗುಮ್ಮಟದ ಪ್ರತಿ ಚದರ ಮೀಟರನ್ನು ಒಂದು ಟನ್ ಭಾರದಷ್ಟು ಬಲ ಹೊರಕ್ಕೆ ತಳ್ಳುತ್ತಿದೆ ಎಂದರ್ಥ. ಇಟ್ಟಿಗೆ ಗುಮ್ಮಟಕ್ಕೆ ಮೇಲಿನಿಂದ ಬೀಳುವ ಭಾರ ಹೊರುವ ಶಕ್ತಿ ಚೆನ್ನಾಗಿದೆ, ಒಳಗಿನಿಂದ ತಳ್ಳುವುದನ್ನು ತಾಳುವ ಶಕ್ತಿ ಕಡಿಮೆ. ಅದರ ಮೇಲೆ ಮಣ್ಣು ಹೇರುವುದು ಸುಮ್ಮನೆ ಅಲ್ಲ.

ಬಿಸಿಲು ಮಾಡುವ ಮೋಸ

ಬೆಳಿಗ್ಗೆ ಅಳೆದು ಮಧ್ಯಾಹ್ನ ನೋಡಿದರೆ ಒತ್ತಡ ಏರಿರಬಹುದು. ಸಂಜೆ ಅಳೆದು ಮರುದಿನ ನಸುಕಿನಲ್ಲಿ ನೋಡಿದರೆ ಇಳಿದಿರಬಹುದು. ಎರಡರಲ್ಲೂ ಸೋರಿಕೆಯ ಪಾತ್ರ ಇಲ್ಲದೆಯೂ ಇರಬಹುದು. ಗಾಳಿ ಬಿಸಿಯಾದರೆ ಹಿಗ್ಗುತ್ತದೆ, ತಣ್ಣಗಾದರೆ ಕುಗ್ಗುತ್ತದೆ. ಗಾತ್ರ ಬದಲಾಗದಂತೆ ಮುಚ್ಚಿಟ್ಟ ಪಾತ್ರೆಯಲ್ಲಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಒತ್ತಡ ಸುಮಾರು 3.4 ಸೆಂ.ಮೀ. ನೀರಿನಷ್ಟು ಏರುತ್ತದೆ. ಗುಮ್ಮಟದಲ್ಲಿ ನೀರು ಸ್ವಲ್ಪ ಸರಿದು ಜಾಗ ಕೊಡುವುದರಿಂದ ವ್ಯತ್ಯಾಸ ಇಷ್ಟು ಕಾಣದಿದ್ದರೂ ಮೋಸ ಮಾತ್ರ ಇದೇ ಬಗೆಯದು. ಅದಕ್ಕೇ ಎರಡೂ ಅಳತೆಗಳನ್ನು ಒಂದೇ ಹೊತ್ತಿನಲ್ಲಿ, ಬಿಸಿಲೇರುವ ಮೊದಲು ತೆಗೆದುಕೊಳ್ಳಬೇಕು. "ಹತ್ತು ನಿಮಿಷ ನೋಡಿದೆವು, ಇಳಿಯಲಿಲ್ಲ" ಎಂಬ ಮಾತಿಗೆ ಬೆಲೆ ಇಲ್ಲ.

ಒಂದು ಹನಿಯೂ ಸೋರದ ಗುಮ್ಮಟ ಇದೆಯೇ?

ಇಲ್ಲ. ಸೈಕಲ್ ಟ್ಯೂಬಿಗೆ ಪಂಕ್ಚರ್ ಆಗದಿದ್ದರೂ ತಿಂಗಳಾದ ಮೇಲೆ ಗಾಳಿ ಹೊಡೆಸಬೇಕಲ್ಲ, ಹಾಗೆ. ರಬ್ಬರು, ಪ್ಲಾಸ್ಟಿಕ್ಕು, ಬಣ್ಣ ಎಲ್ಲವೂ ಅನಿಲವನ್ನು ಅಷ್ಟಿಷ್ಟು ಬಿಡುತ್ತವೆ. ಹೀಗಾಗಿ ಎಂಜಿನಿಯರುಗಳು "ಸೋರುತ್ತದೆಯೇ" ಎಂದು ಕೇಳುವುದಿಲ್ಲ, "ಎಷ್ಟು ಹೊತ್ತಿಗೆ ಎಷ್ಟು ಸೋರುತ್ತದೆ" ಎಂದು ಕೇಳುತ್ತಾರೆ.

ಅತಿ ಕಟ್ಟುನಿಟ್ಟಾದ ಕಡೆಯೂ ಹೀಗೆಯೇ. ಅಣುಸ್ಥಾವರದ ರಿಯಾಕ್ಟರ್ ಸುತ್ತ ಕಾಂಕ್ರೀಟಿನ ರಕ್ಷಾಕವಚ ಇರುತ್ತದೆ. ಶಿರಸಿ ಇರುವ ಉತ್ತರ ಕನ್ನಡ ಜಿಲ್ಲೆಯಲ್ಲೇ ಇರುವ ಕೈಗಾದಲ್ಲೂ ಅಂಥ ಗುಮ್ಮಟಗಳಿವೆ. ಈ ಬಗೆಯ ಕಟ್ಟಡಗಳಿಗೆ ಗಾಳಿ ತುಂಬಿ, ಒತ್ತಡ ಮತ್ತು ಉಷ್ಣತೆ ಎರಡನ್ನೂ ಗಂಟೆಗಟ್ಟಲೆ ಅಳೆದು, ದಿನಕ್ಕೆ ಶೇಕಡಾ ಎಷ್ಟು ಗಾಳಿ ಸೋರಿತು ಎಂದು ಲೆಕ್ಕ ಹಾಕುತ್ತಾರೆ. ಅಮೆರಿಕದ ನಿಯಮಗಳಲ್ಲಿ ಮೂರು ಬಗೆಯ ಪರೀಕ್ಷೆಗಳಿವೆ: ಇಡೀ ಕಟ್ಟಡದ್ದು, ಪೈಪು ಕೇಬಲ್ಲು ಹಾಯುವ ಸಂದುಗಳದ್ದು, ವಾಲ್ವುಗಳದ್ದು. ಗೋಬರ್ ಗ್ಯಾಸ್ ಮೇಸ್ತ್ರಿ ಗುಮ್ಮಟ, ಪೈಪಿನ ಸಂದು, ವಾಲ್ವ್ ಎಂದು ಬೇರೆಬೇರೆಯಾಗಿ ನೋಡುವುದರ ಹಿಂದಿನ ಯೋಚನೆಯೂ ಇದೇ. ಬಣ್ಣದ ಮಿತಿಯೂ ಕೈಗಾದಲ್ಲಿ ಕಾಣುತ್ತದೆ. 1994ರ ಮೇ 13ರಂದು, ಕಟ್ಟುವ ಹಂತದಲ್ಲೇ ಅಲ್ಲಿನ ಒಂದು ಘಟಕದ ಒಳಗುಮ್ಮಟದ ಕಾಂಕ್ರೀಟ್ ಪದರ ಕಳಚಿ ಬಿತ್ತು. ಆಮೇಲೆ ಗುಮ್ಮಟವನ್ನು ಹೊಸದಾಗಿ ವಿನ್ಯಾಸ ಮಾಡಬೇಕಾಯಿತು. ರಚನೆಯಲ್ಲೇ ದೋಷ ಇದ್ದರೆ ಯಾವ ಕೋಟಿಂಗೂ ಕಾಪಾಡುವುದಿಲ್ಲ.

ಧಾನ್ಯ ಕಾಪಾಡುವ ಸಿಲೋಗಳಿಗೂ ಇಂಥ ಅಳತೆ ಇದೆ. ಆಸ್ಟ್ರೇಲಿಯಾದ ಮಾನದಂಡದ ಪ್ರಕಾರ ಹೊಸ ಸಿಲೋದಲ್ಲಿ 25 ಮಿ.ಮೀ. ನೀರಿನಷ್ಟಿರುವ ಒತ್ತಡ ಅರ್ಧಕ್ಕೆ ಇಳಿಯಲು ಕನಿಷ್ಠ 5 ನಿಮಿಷ ಹಿಡಿಯಬೇಕು. ಅದಕ್ಕಿಂತ ಬೇಗ ಇಳಿದರೆ ಹುಳ ಕೊಲ್ಲುವ ಅನಿಲ ಒಳಗೆ ನಿಲ್ಲುವುದಿಲ್ಲ. ನಮ್ಮ ಉತ್ತರ ಕರ್ನಾಟಕದ ಹಗೇವುಗಳೂ ಇದೇ ತತ್ವದ ಮೇಲೆ ನಡೆದವು. ನೆಲದೊಳಗಿನ ಕುಣಿಯಲ್ಲಿ ಜೋಳ ತುಂಬಿ ಬಾಯಿ ಬಿಗಿಯಾಗಿ ಮುಚ್ಚಿದರೆ, ಒಳಗಿನ ಆಮ್ಲಜನಕ ಮುಗಿದು ಕಾರ್ಬನ್ ಡೈಆಕ್ಸೈಡ್ ತುಂಬಿ, ಹುಳ ಉಳಿಯುತ್ತಿರಲಿಲ್ಲ.

ವಾಸನೆ, ಬೆಂಕಿಕಡ್ಡಿ, ದೀಪ: ಮೂರೂ ಬೇಡ

ಹಗೇವನ್ನು ತೆರೆದ ಕೂಡಲೇ ಇಳಿಯಬಾರದು ಎಂಬುದು ಹಿರಿಯರಿಗೆ ಗೊತ್ತಿತ್ತು. ದೀಪ ಇಳಿಬಿಟ್ಟು ನೋಡುವ ರೂಢಿಯೂ ಕೆಲವು ಕಡೆ ಇತ್ತು. ಅದನ್ನೇ ಗೋಬರ್ ಗ್ಯಾಸಿಗೆ ಮಾಡಿದರೆ ಅನಾಹುತ. ಗಾಳಿಯಲ್ಲಿ ಮೀಥೇನ್ ಶೇ 5ರಿಂದ 15ರಷ್ಟು ಬೆರೆತಿದ್ದರೆ ಒಂದು ಕಿಡಿಗೆ ಅದು ಸಿಡಿಯುತ್ತದೆ. ಬೆಂಕಿಕಡ್ಡಿಯಿಂದ ಸೋರಿಕೆ ಹುಡುಕುವುದು ಎಂದರೆ ಆ ಕಿಡಿಯನ್ನು ನಾವೇ ಕೊಟ್ಟಂತೆ.

ವಾಸನೆಯನ್ನೂ ನಂಬಬೇಡಿ. ಮೀಥೇನಿಗೆ ವಾಸನೆ ಇಲ್ಲ. ಗೋಬರ್ ಗ್ಯಾಸಿನ ಕೊಳೆತ ಮೊಟ್ಟೆಯಂಥ ವಾಸನೆ ಅದರಲ್ಲಿ ಸ್ವಲ್ಪವೇ ಇರುವ ಹೈಡ್ರೋಜನ್ ಸಲ್ಫೈಡಿನದು. ಆ ಅನಿಲ ಹೆಚ್ಚಾದರೆ ಮೂಗಿನ ಗ್ರಹಿಸುವ ಶಕ್ತಿಯನ್ನೇ ಮಂಕಾಗಿಸುತ್ತದೆ. ವಾಸನೆ ನಿಂತಿತು ಎಂದರೆ ಅಪಾಯ ಕಳೆಯಿತು ಎಂದಲ್ಲ, ಹೆಚ್ಚಾಗಿದೆ ಎಂದೂ ಇರಬಹುದು.

ಒಮ್ಮೆ ಸಗಣಿ ಹಾಕಿ ನಡೆಸಿದ ಸ್ಥಾವರದೊಳಗೆ, ಖಾಲಿ ಮಾಡಿದ ಮೇಲೂ, ಯಾರೂ ಇಳಿಯಬಾರದು. ಒಳಗೆ ಆಮ್ಲಜನಕ ಇರದೆ, ವಿಷಾನಿಲ ಉಳಿದಿರಬಹುದು. ಒಬ್ಬರು ಕುಸಿದರೆಂದು ಎತ್ತಲು ಇನ್ನೊಬ್ಬರು ಇಳಿದು ಇಬ್ಬರೂ ಹೋಗುವುದು ಇಂಥ ತೊಟ್ಟಿಗಳಲ್ಲಿ ಆಗುವ ದುರಂತದ ಸಾಮಾನ್ಯ ರೀತಿ. ಒಳಮೈಗೆ ಮತ್ತೆ ಬಳಿಯಬೇಕಿದ್ದರೆ ಅನಿಲ ಅಳೆಯುವ ಉಪಕರಣ, ಗಾಳಿ ಬೀಸುವ ವ್ಯವಸ್ಥೆ, ಮೇಲೆ ಹಗ್ಗ ಹಿಡಿದು ನಿಲ್ಲುವವರು ಇರುವ ತರಬೇತಿ ಪಡೆದ ತಂಡವನ್ನೇ ಕರೆಸಿ.

ಕೋಟಿಂಗ್ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆಗಳು

• ಇದು ನೀರಿಗೆ ಮಾತ್ರವೋ, ಗ್ಯಾಸಿಗೂ ಪರೀಕ್ಷೆ ಆಗಿದೆಯೋ? ಯಾವ ಗ್ಯಾಸಿಗೆ?
• ಎಷ್ಟು ದಪ್ಪ, ಎಷ್ಟು ಕೋಟ್ ಬಳಿದಾಗ ಆ ಫಲಿತಾಂಶ ಬಂದಿದೆ?
• ಒಳಗಿನಿಂದ ಬಳಿಯಬೇಕೋ, ಹೊರಗಿನಿಂದಲೋ? ಹಸಿ ಗೋಡೆಗೆ ಅಂಟುತ್ತದೆಯೇ?
• ಸಣ್ಣ ಬಿರುಕು ಬಿಟ್ಟರೆ ಅದರೊಂದಿಗೆ ಹಿಗ್ಗುತ್ತದೆಯೇ?
• ಬಳಿದ ಮೇಲೆ ಒತ್ತಡದ ಪರೀಕ್ಷೆ ಮಾಡಿ, ಹಿಂದಿನ ದಿನದ ಮತ್ತು ಮರುದಿನದ ಅಳತೆಯನ್ನು ಬರೆದುಕೊಡುತ್ತೀರಾ?

ಕೊನೆಯ ಪ್ರಶ್ನೆಗೆ "ಹೌದು" ಎನ್ನುವವರಿಗೆ ಕೆಲಸ ಕೊಡಿ. ಪರೀಕ್ಷೆಯ ದಿನ ನೀವೂ ಪಕ್ಕದಲ್ಲಿ ನಿಂತು ಯು ಕೊಳವೆಯ ಮಟ್ಟಕ್ಕೆ ಪೆನ್ನಿನಿಂದ ಗುರುತು ಹಾಕಿ. ಮರುದಿನ ಬಿಸಿಲೇರುವ ಮೊದಲು ಆ ಗುರುತನ್ನು ನೋಡಿದ ಮೇಲೆಯೇ ಮೊದಲ ಬುಟ್ಟಿ ಸಗಣಿ ಹಾಕಿ.